ಕೈಮುಗಿದವರ ನಡುವೆ ಪೆದ್ದಮ್ಮ

ಅವಳ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ನಲವತ್ತು ವರ್ಷ ಹಿಪ್ಪುನೇರಳೆ ಸೊಪ್ಪಿನ ತೊಟ್ಟನ್ನು ಅದೇ ಉಗುರಿನಿಂದ ಚಿವುಟಿ ಚಿವುಟಿ ಆ ಸೀಳು ಬಿದ್ದಿತ್ತು. ಅದರೊಳಗೆ ಸೊಪ್ಪಿನ ಕರೆ ಇಳಿದು, ಯಾವ ಸೋಪಿಗೂ ಜಗ್ಗದ ಕಪ್ಪು ಗೆರೆಯಾಗಿ ನಿಂತಿತ್ತು. ಮಾತಾಡುವಾಗ ಆ ಬೆರಳನ್ನು ಎದುರಿನವರ ಮೂಗಿನ ನೇರಕ್ಕೆ ಹಿಡಿಯುವುದು ಅವಳ ಅಭ್ಯಾಸ. ಊರಿನ ದೊಡ್ಡ ಮೀಸೆಗಳೆಲ್ಲ ಆ ಬೆರಳಿನ ಮುಂದೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದವು.

ಅವಳು ನನಗೆ ರಕ್ತಸಂಬಂಧಿಯಲ್ಲ, ಪಕ್ಕದ ಮನೆಯವಳು. ತಾಯಲೂರಿನಿಂದ ಆಟೋ ಹತ್ತಿ ಕೆರೆಯ ಏರಿ ದಾಟಿದರೆ ಸಿಗುವ ನಮ್ಮೂರಿನಲ್ಲಿ ಅರ್ಧ ಜನ ಮನೆಯೊಳಗೆ ತೆಲುಗು ಆಡುತ್ತಾರೆ, ಅರ್ಧ ಜನ ಕನ್ನಡ. ಜಗಳ ಮಾತ್ರ ಎರಡರಲ್ಲೂ ನಡೆಯುತ್ತದೆ. ಹಾಗಾಗಿ ಅವಳು ಊರಿಗೆಲ್ಲ ಪೆದ್ದಮ್ಮ, ಅಂದರೆ ತೆಲುಗಿನಲ್ಲಿ ದೊಡ್ಡಮ್ಮ. ಅವಳಿಗಿಂತ ನಾಲ್ಕು ವರ್ಷ ಹಿರಿಯನಾದ ನಮ್ಮಪ್ಪನಿಗೂ ಪೆದ್ದಮ್ಮ. ಗಂಡ ಬೇಗ ತೀರಿಹೋಗಿದ್ದ. ಒಂದು ಎಕರೆ ಹಿಪ್ಪುನೇರಳೆ, ಹಿತ್ತಲಲ್ಲಿ ಒಂದು ಹುಳದ ಮನೆ, ಇವೆರಡನ್ನೂ ಒಬ್ಬಳೇ ನಡೆಸಿಕೊಂಡು ಬಂದವಳು. ರೇಷ್ಮೆ ಹುಳದ ವಿಷಯದಲ್ಲಿ ಇಲಾಖೆಯವರೇ ಇವಳನ್ನು ಕೇಳಿಕೊಂಡು ಹೋಗುತ್ತಿದ್ದರು.

"ಹುಳಕ್ಕೆ ಮುಖ ನೋಡಿ ಮಾತಾಡೋಕೆ ಬರಲ್ಲ ಕಣೋ. ಉಳಿದ್ರೆ ಉಳೀತು, ಸತ್ರೆ ಸತ್ತೋಯ್ತು. ಮನುಷ್ಯರೇ ಸುಳ್ಳು ಹೇಳೋದು," ಎನ್ನುತ್ತಿದ್ದಳು.

ನಮ್ಮ ಕಡೆಯ ಒಂದು ರೂಢಿಯನ್ನು ಹೇಳದಿದ್ದರೆ ಅವಳ ದೊಡ್ಡತನ ತಿಳಿಯುವುದಿಲ್ಲ. ಹುಳ ಸಾಕುವವರು ತಮ್ಮ ಹುಳಕ್ಕೆ ರೋಗ ಬಂದಿದೆ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. ಬೀದಿಯಲ್ಲಿ ಸಿಕ್ಕವರು "ಹುಳ ಹೆಂಗೈತೆ?" ಎಂದರೆ ಉತ್ತರ ಒಂದೇ: "ಚೆನ್ನಾಗೈತೆ." ದೃಷ್ಟಿಯ ಭಯ ಒಂದು ಕಡೆ, ಮಾನದ ಪ್ರಶ್ನೆ ಇನ್ನೊಂದು ಕಡೆ. ಬುಟ್ಟಿಗಟ್ಟಲೆ ಹುಳ ಸತ್ತಿದ್ದರೂ ತಿಪ್ಪೆಯ ಹಿಂದೆ ಸದ್ದಿಲ್ಲದೆ ಹೂಳಿ, ಬಾಗಿಲಿಗೆ ಬಂದು ನಿಂತು "ಚೆನ್ನಾಗೈತೆ" ಎನ್ನುತ್ತಾರೆ. ಪಕ್ಕದ ಮನೆಯವನು ಅದನ್ನು ನಂಬಿ ಅದೇ ಕಾಲಿನಲ್ಲಿ ತನ್ನ ಹುಳದ ಮನೆಗೆ ಹೋಗುತ್ತಾನೆ; ನಾಲ್ಕು ದಿನಕ್ಕೆ ಅವನ ಹುಳವೂ ಹೋಗುತ್ತದೆ. ಅವನೂ "ಚೆನ್ನಾಗೈತೆ" ಎನ್ನುತ್ತಾನೆ. ಇಡೀ ಊರಿನ ಹುಳ ಸತ್ತಿರುವಾಗ ಇಡೀ ಊರು ಚೆನ್ನಾಗಿರುತ್ತದೆ. ಇಂಥ ಮಹಾ ಮೂರ್ಖತನಕ್ಕೆ ನಾವು ಮರ್ಯಾದೆ ಎಂದು ಹೆಸರಿಟ್ಟಿದ್ದೇವೆ.

ಇದನ್ನು ಮುರಿದವಳು ಪೆದ್ದಮ್ಮ ಒಬ್ಬಳೇ. ಯಾರೂ ಕರೆಯದಿದ್ದರೂ ಬರುತ್ತಿದ್ದಳು. ಹೊಸ್ತಿಲ ಬಳಿ ಇಟ್ಟ ಸುಣ್ಣದ ನೀರಿನಲ್ಲಿ ಎರಡೂ ಪಾದ ಅದ್ದಿ, ಕೈ ತೊಳೆದು, ಒಳಗೆ ಹೊಕ್ಕು ತಟ್ಟೆ ತಟ್ಟೆ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೋಗುತ್ತಿದ್ದಳು.

ನಾನು ಪಿಯುಸಿಯಲ್ಲಿದ್ದಾಗ ನಮ್ಮ ಮನೆಯಲ್ಲಿ ಮೂವತ್ತು ತಟ್ಟೆ ಹುಳ ಇತ್ತು. ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಸೊಪ್ಪು ಮುಕ್ಕುತ್ತಿದ್ದ ಹುಳ. ಅಪ್ಪ ಚಾವಡಿಯಲ್ಲಿ ಕುಳಿತು ಗೂಡು ಕಟ್ಟುವ ಮೊದಲೇ ಗೂಡಿನ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದ. ಪೆದ್ದಮ್ಮ ಒಳಗೆ ಹೋದವಳು ತಟ್ಟೆಯ ಅಂಚಿನಲ್ಲಿ ಸುಮ್ಮನೆ ಸುತ್ತುತ್ತಿದ್ದ ಒಂದು ಹುಳವನ್ನು ಹಿಡಿದು ಹೊರಗೆ ತಂದಳು. ಅದರ ಕಾಲನ್ನು ಸೀಳುಗುರಿನಿಂದ ಚಿವುಟಿದಳು. ಹಾಲಿನಂಥ ಬಿಳಿ ಹನಿ ಹೊರಬಂತು.

"ಹಾಲು ತೊಂಡೆ. ಮೂರು ತಟ್ಟೆ ಹೋಗೈತೆ. ಈಗ್ಲೇ ತೆಗೆದು ಹೂಳ್ರಿ. ನಾಳೆ ಅಂದ್ರೆ ಮೂವತ್ತೂ ಹೋಗ್ತದೆ," ಎಂದಳು.

"ನಮ್ಮನೆ ಹುಳಕ್ಕೆ ಕಣ್ಣು ಹಾಕೋಕೆ ಬಂದ್ಯಾ?" ಎಂದು ಅಪ್ಪ ಎಗರಾಡಿದ. ಅವಳು ಬೆರಳು ಎತ್ತಿದಳು. "ನನ್ ಕಣ್ಣಲ್ಲಿ ರೋಗ ಇಲ್ಲ, ನಿನ್ ತಟ್ಟೇಲಿ ಐತೆ," ಎಂದು ಹೇಳಿ ಹೊರಟೇಬಿಟ್ಟಳು. ಅಪ್ಪ ಬೈಯುತ್ತಲೇ ಮೂರು ತಟ್ಟೆ ಹೂಳಿದ. ಉಳಿದ ಇಪ್ಪತ್ತೇಳು ತಟ್ಟೆಯ ಹುಳ ಚಂದ್ರಿಕೆಯ ಬಿದಿರು ಸುರುಳಿಯಲ್ಲಿ ಬೆಳ್ಳಗೆ ಗೂಡು ಕಟ್ಟಿತು. ಆದರೂ ಒಂದು ತಿಂಗಳು ಅಪ್ಪ ಅವಳೊಂದಿಗೆ ಮಾತಾಡಲಿಲ್ಲ. ಕೊನೆಗೆ ನಾಚಿಕೆಯಾಗಿ ಒಂದು ಚೀಲ ಅವರೆಕಾಯಿ ಕೊಟ್ಟು ನನ್ನನ್ನು ಕಳಿಸಿದ. "ಅವರೆಕಾಯಿ ತಿಂತೀನಿ. ಮುನಿಸು ನಿಮ್ಮಪ್ಪನೇ ಇಟ್ಕೊಳ್ಳಲಿ ಅನ್ನು," ಎಂದಳು.

ಅದೇ ವರ್ಷ ನಾನು ಫೇಲಾದೆ. ಪತ್ರಿಕೆ ಕಷ್ಟವಿತ್ತು, ತಿದ್ದಿದವರು ಸರಿಯಿಲ್ಲ, ಗ್ರಹಗತಿ ಸರಿಯಿಲ್ಲ ಎಂದು ಬಂದವರೆಲ್ಲ ನನ್ನ ತಲೆ ಸವರಿದರು. ಪೆದ್ದಮ್ಮ ಬಂದು, "ನೀನು ಓದ್ಲಿಲ್ಲ. ಇದ್ರಲ್ಲಿ ಇನ್ನೇನೈತೆ?" ಎಂದಳು. ಆ ಒಂದು ಮಾತಿನಿಂದ ನಾನು ಪಾಸಾದೆ, ಡಿಗ್ರಿ ಮಾಡಿದೆ, ಇವತ್ತು ಕೋಲಾರದ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿ ಕುಳಿತಿದ್ದೇನೆ. ತಲೆ ಸವರಿದವರ ಋಣ ನನಗೇನೂ ಇಲ್ಲ.

ಇಂಥವಳ ಕೈಗೆ ಆ ಫೋನು ಕೊಟ್ಟವನು ನಾನೇ. ನಾನು ಹೊಸದು ಕೊಂಡಾಗ ಹಳೆಯದನ್ನು ಒಂದು ಭಾನುವಾರ ಊರಿಗೆ ಬಂದಾಗ ಅವಳಿಗೆ ಕೊಟ್ಟು, ನಾನೂ ಇದ್ದ ರೇಷ್ಮೆ ಬೆಳೆಗಾರರ ಒಂದು ಗ್ರೂಪಿಗೆ ಸೇರಿಸಿದೆ. ಮಾರುಕಟ್ಟೆ ವಿಷಯ, ಮಳೆ ವಿಷಯ ಗೊತ್ತಾಗಲಿ ಎಂದುಕೊಂಡಿದ್ದೆ. ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ತಾಲ್ಲೂಕಿನವರು ಅದರಲ್ಲಿದ್ದರು.

ಆ ಗ್ರೂಪಿನ ಬಗ್ಗೆ ಏನು ಹೇಳಲಿ? ಬೆಳಗಾದರೆ ದೇವರ ಪಟ, ಅದರ ಕೆಳಗೆ ಮುಗಿದ ಕೈಗಳು. ಯಾರೋ ಗೂಡಿನ ಫೋಟೊ ಹಾಕಿದರೆ ಮುಗಿದ ಕೈ. ಯಾರೋ ಸತ್ತರೆ ಮುಗಿದ ಕೈ. ಮಳೆ ಬಂದರೂ ಬರದಿದ್ದರೂ ಮುಗಿದ ಕೈ. ಇಷ್ಟು ಕೈ ಮುಗಿದೇ ಇದ್ದರೆ ಸೊಪ್ಪು ಕೊಯ್ಯುವವರು ಯಾರು ಎಂದು ನಾನು ನಗುತ್ತಿದ್ದೆ. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಕರುವಿನ ಫೋಟೊ ಕೂಡ ಕೇಳುತ್ತಿರಲಿಲ್ಲ, ಸೀದಾ ಇನ್ನೊಂದು ಗ್ರೂಪಿಗೆ ರವಾನಿಸುತ್ತಿದ್ದರು.

ಗ್ರೂಪಿನ ಯಜಮಾನ ಕೋಲಾರ ಪೇಟೆಯವನು. ಇಸ್ತ್ರಿ ಅಂಗಿ, ಹಣೆಗೆ ಅಗಲ ಬೊಟ್ಟು, ಧ್ವನಿಯಲ್ಲಿ ತುಪ್ಪ. ವಿಷವಿಲ್ಲದ ರೇಷ್ಮೆ ಎನ್ನುವುದು ಅವನ ಮಂತ್ರ. ಹುಳದ ಮನೆ ತೊಳೆಯಲು ಬ್ಲೀಚಿಂಗ್ ಪೌಡರ್ ಬೇಡ, ಫಾರ್ಮಲಿನ್ ಬೇಡ, ಹುಳದ ಹಾಸಿಗೆಗೆ ಸುಣ್ಣ ಬೇಡ. ಇವೆಲ್ಲ ಔಷಧ ಕಂಪನಿಯವರ ಪಿತೂರಿ. ನಮ್ಮ ಹಿರಿಯರು ಮಾಡುತ್ತಿದ್ದಂತೆ ಬೇವಿನ ಹೊಗೆ ಹಾಕಿ ಮಜ್ಜಿಗೆ ನೀರು ಚಿಮುಕಿಸಿದರೆ ಸಾಕು. ನಮ್ಮ ಯಾವ ಹಿರಿಯರು ಹಾಗೆ ಮಾಡುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ಹಿರಿಯರ ಕಾಲದಲ್ಲಿ ಮೂರು ಸಲ ಹುಳ ಇಟ್ಟರೆ ಎರಡು ಸಲ ತಿಪ್ಪೆಗೆ ಹೋಗುತ್ತಿತ್ತು ಎಂದು ಹೇಳಲು ಆ ಹಿರಿಯರು ಬದುಕಿರಲಿಲ್ಲ.

ಪೆದ್ದಮ್ಮ ಇದಕ್ಕೆ ಬಿದ್ದಳು ಎಂದರೆ ಮೊದಲು ನಾನು ನಂಬಲಿಲ್ಲ. ಆಮೇಲೆ ಯೋಚಿಸಿದಾಗ ಕಾರಣ ಹೊಳೆಯಿತು. ಫಾರ್ಮಲಿನ್ ಹೊಡೆಯುವಾಗ ಕಣ್ಣು ಉರಿದು ನೀರು ಸುರಿಯುತ್ತದೆ, ಎದೆ ಕಟ್ಟುತ್ತದೆ. ಎಷ್ಟೋ ವರ್ಷ ಮೂಗಿಗೆ ಸೆರಗು ಕಟ್ಟಿಕೊಂಡು ಅದನ್ನು ಹೊಡೆದ ಅವಳಿಗೆ ಕೆಮ್ಮು ಅಂಟಿಕೊಂಡಿತ್ತು. ಅದು ಬೇಕಾಗಿಯೇ ಇರಲಿಲ್ಲ ಎಂದು ಯಾರಾದರೂ ಹೇಳಲಿ ಎಂದು ಆ ಎದೆ ಕಾಯುತ್ತಿತ್ತು. ಯಜಮಾನ ಅದನ್ನು ಹೇಳಿದ. ಆ ಮೇಲೆ ಫೋನು ಅದನ್ನೇ ಹೇಳತೊಡಗಿತು. ಒಂದು ವಿಡಿಯೋ ನೋಡಿದರೆ ಅಂಥದ್ದೇ ಇನ್ನೊಂದು, ಅದು ಮುಗಿದರೆ ಮತ್ತೊಂದು. ಯಾವ ಊರಿನವನೋ, ಹುಳದ ಮುಖ ಕಂಡವನೋ ಇಲ್ಲವೋ, ಬಂದವರೆಲ್ಲ ಒಂದೇ ಮಾತು. ಚಾವಡಿಯಲ್ಲಿ ಹತ್ತು ಜನ ಕುಳಿತರೆ ಒಬ್ಬನಾದರೂ "ಥೂ, ಸುಳ್ಳು" ಎನ್ನುತ್ತಾನೆ. ಆ ಪೆಟ್ಟಿಗೆಯೊಳಗೆ ಹಾಗೆ ಉಗಿಯುವವನಿಗೆ ಜಾಗವೇ ಇಲ್ಲ.

ಬೇಸಿಗೆಯಲ್ಲಿ ಮೊದಲ ಸಲ ಏನೂ ಹೊಡೆಯದೆ ಹುಳ ಇಟ್ಟಳು. ಚೆನ್ನಾಗಿ ಬಂತು. ಬರದೆ ಏನು? ಅಷ್ಟು ವರ್ಷ ತೊಳೆದು ತೊಳೆದು ಇಟ್ಟ ಮನೆ, ಮೇಲೆ ಒಣ ಬಿಸಿಲು. ಪೆದ್ದಮ್ಮ ಅದನ್ನು ಗ್ರೂಪಿನಲ್ಲಿ ಹೇಳಿದಳು. ಕೈಗಳು ಒಂದರ ಮೇಲೊಂದು ಬಂದು ಬಿದ್ದವು. ಯಾರೋ "ರೇಷ್ಮೆ ತಾಯಿ" ಎಂದ. ಹತ್ತಿಪ್ಪತ್ತು ಜನ ಅದನ್ನೇ ಹೇಳಿದರು. ಬದುಕಿನಲ್ಲಿ ಒಬ್ಬರಿಂದಲೂ ಹೊಗಳಿಸಿಕೊಳ್ಳದ ಹೆಂಗಸು. ಸತ್ಯ ಹೇಳಿದ್ದಕ್ಕೆ ಬೈಗುಳ, ಮುನಿಸು, ಹೆಚ್ಚೆಂದರೆ ಒಂದು ಚೀಲ ಅವರೆಕಾಯಿ ಪಡೆದವಳು. ಆ ಭಾನುವಾರ ನಾನು ಹೋದಾಗ ಜಗಲಿಯಲ್ಲಿ ಕುಳಿತು ಸೀಳುಗುರಿನಿಂದ ಪರದೆಯನ್ನು ಮೇಲಕ್ಕೆ ಸರಿಸುತ್ತಾ, "ನೋಡೋ, ಮಾಲೂರೋರು, ಇವ್ರು ಶ್ರೀನಿವಾಸಪುರದೋರು. ಎಲ್ರೂ ಕೈ ಮುಗಿದವ್ರೆ," ಎಂದಳು. ಅವಳ ಮುಖದಲ್ಲಿ ಆ ನಗು ನಾನು ಹಿಂದೆ ಕಂಡಿರಲಿಲ್ಲ.

ಯಜಮಾನ ಕಾರಿನಲ್ಲಿ ಬಂದು ವಿಡಿಯೋ ಮಾಡಿದ. ಹೊಸ್ತಿಲ ಸುಣ್ಣದ ನೀರನ್ನು ದಾಟಿ ಬೂಟುಗಾಲಿನಲ್ಲೇ ಒಳಗೆ ಹೋದ. ಪೆದ್ದಮ್ಮ ಒಂದು ಹುಳವನ್ನು ಅವನ ಅಂಗೈಯಲ್ಲಿಟ್ಟರೆ "ಅಯ್ಯೋ" ಎಂದು ಕೈ ಕೊಡವಿದ. ಹುಳ ಗೋಡೆಗೆ ಬಡಿದು ಬಿತ್ತು. ಅದನ್ನು ವಿಡಿಯೋದಿಂದ ಕತ್ತರಿಸಿದರು. ಉಳಿದದ್ದು ಇಷ್ಟು: ಪೆದ್ದಮ್ಮ ನಗುತ್ತಾ, "ನಾನು ಔಷಧಿ ಬಿಟ್ಟೆ, ಹುಳ ಚೆನ್ನಾಗೈತೆ. ನೀವೂ ಬಿಡ್ರಪ್ಪ," ಎನ್ನುತ್ತಾಳೆ. ಅವಳ ಬಾಯಲ್ಲಿ ಆ ಪದ. ನಾಲ್ಕೂ ತಾಲ್ಲೂಕು ಅದನ್ನು ನೋಡಿತು.

ಮಾಲೂರಿನ ಕಡೆಯ ಒಬ್ಬ ರೈತ ಮಾತ್ರ ಒಂದು ದಿನ ಗ್ರೂಪಿನಲ್ಲಿ, "ನಾನೂ ಹೀಗೇ ಮಾಡಿದೆ, ನನ್ನ ಹುಳವೆಲ್ಲ ಹಾಲಾಗಿ ಹೋಯಿತು," ಎಂದು ಬರೆದ. ನಿಮ್ಮ ಶ್ರದ್ಧೆಯಲ್ಲಿ ಕೊರತೆ ಇರಬೇಕು ಎಂದು ಒಬ್ಬ, ಕಂಪನಿಯವರು ಎಷ್ಟು ಕೊಟ್ಟರು ಎಂದು ಇನ್ನೊಬ್ಬ. ಮಧ್ಯಾಹ್ನದೊಳಗೆ ಯಜಮಾನ ಅವನನ್ನು ತೆಗೆದುಹಾಕಿದ. ನಾನು ಆ ವಿಷಯ ಎತ್ತಿದೆ.

"ಪೆದ್ದಮ್ಮ, ಹುಳ ಸತ್ತೋಯ್ತು ಅಂದವನ್ನ ಓಡಿಸ್ತಾರೆ. ಸತ್ತಿಲ್ಲ ಅಂದವರು ಉಳೀತಾರೆ. ಆಮೇಲೆ ನೋಡಿ, ಇಲ್ಲಿ ಒಬ್ರದ್ದೂ ಸತ್ತಿಲ್ಲ ಅಂತಾರೆ. ಇದು ನಮ್ಮೂರಿನ ಚೆನ್ನಾಗೈತೆನೇ ಅಲ್ವಾ?"

"ಬಿಡೋ. ಆವಯ್ಯ ನೆಗೆಟಿವ್ ಮನುಷ್ಯ," ಎಂದಳು.

ನೆಗೆಟಿವ್! ಅವಳಿಗೆ ಆ ಪದ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ನನ್ನ ಹಳೆಯ ಫೋನಿನಿಂದ ಬಂದಿತ್ತು. ನಮ್ಮಪ್ಪ ಬೈದಾಗ, ಊರು ಬೈದಾಗ, ಅವಳನ್ನು ಕರೆಯಬಹುದಾಗಿದ್ದ ಪದ ಅದೇ. ಆಗ ಅದು ನಮಗೆ ಗೊತ್ತಿರಲಿಲ್ಲ, ಅಷ್ಟೇ. ನನಗೆ ಅವಳ ಮೇಲೆ ಅಸಹ್ಯವೇ ಆಯಿತು. ಎರಡು ಭಾನುವಾರ ಅವಳ ಜಗಲಿಗೆ ಹೋಗಲಿಲ್ಲ.

ಮೂಲೆಮನೆಯ ಸೊಸೆಯ ವಿಷಯ ಇಲ್ಲಿ ಬರುತ್ತದೆ. ಮದುವೆಯಾಗಿ ಮೂರು ವರ್ಷ. ಬೆಳಿಗ್ಗೆ ಐದೂವರೆಗೆ ವ್ಯಾನು ಹತ್ತಿ ಮಾಲೂರಿನ ಕಡೆಯ ಒಂದು ಕಾರ್ಖಾನೆಗೆ ಹೋಗಿ ಸಂಜೆ ಏಳಕ್ಕೆ ಬರುತ್ತಿದ್ದಳು. ಎರಡು ವರ್ಷದ ಮಗು ಅವಳನ್ನು ಎದ್ದಿರುವಾಗ ನೋಡುತ್ತಿದ್ದದ್ದು ಭಾನುವಾರ ಮಾತ್ರ. ಪೆದ್ದಮ್ಮನ ವಿಡಿಯೋ ನೋಡಿ ಧೈರ್ಯ ಬಂದು, ಗಂಡನನ್ನು, ಅತ್ತೆಯನ್ನು ಒಪ್ಪಿಸಿ ಕೆಲಸ ಬಿಟ್ಟಳು. ಒಂದು ಬೆಳೆ ನೋಡೋಣ, ಗೂಡಾದರೆ ಮನೆಯಲ್ಲಿರು, ಆಗದಿದ್ದರೆ ಮತ್ತೆ ವ್ಯಾನು ಎಂದು ಅತ್ತೆ ಕರಾರು ಮಾಡಿದ್ದಳು. ಸೊಸೆ ಮಳೆಗಾಲದ ಬೆಳೆಗೆ ಹುಳ ಇಟ್ಟಳು. ಪೆದ್ದಮ್ಮ ಹೇಳಿದಂತೆ ಹೊಗೆ, ಮಜ್ಜಿಗೆ, ಅಷ್ಟೇ.

ನಾಲ್ಕನೇ ಜ್ವರ ಎದ್ದ ಮೇಲೆ ಜಿಟಿಜಿಟಿ ಮಳೆ ಹಿಡಿಯಿತು. ಪೆದ್ದಮ್ಮನ ಹುಳದ ಮನೆಯಲ್ಲಿ ಹುಳಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಬಂದು ಸುತ್ತತೊಡಗಿದವು. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಫೋನು ತೆಗೆದು ಯಜಮಾನನನ್ನು ಕೇಳಿದಳು. "ಮಳೆಯ ತಂಪಿಗೆ ಹಾಗಾಗುತ್ತೆ ತಾಯಿ, ಹೊಗೆ ಜಾಸ್ತಿ ಮಾಡಿ, ಬಿಸಿಲು ಬಿದ್ದರೆ ಸರಿಹೋಗುತ್ತೆ," ಎಂದ. ಹುಳವನ್ನು ಕಂಡರೆ ಕೈ ಕೊಡವುವ ಆಸಾಮಿ ಹೇಳಿದ, ಪೆದ್ದಮ್ಮ ಕೇಳಿದಳು. ಮೂಲೆಮನೆಯ ಸೊಸೆ ಗಾಬರಿಯಿಂದ ಓಡಿಬಂದು ಕರೆದಾಗ ಹೋದಳು, ನೋಡಿದಳು. ನೋಡಿ, "ಚೆನ್ನಾಗೈತೆ. ಬಿಸಿಲು ಬಂದ್ರೆ ಸರಿ ಹೋಗ್ತದೆ," ಎಂದಳು.

ಎರಡು ದಿನ ಹಾಗೇ ಹೋಯಿತು. ಮೂರನೆಯ ದಿನ ಬಿಸಿಲು ಬಂತು. ಆ ಹೊತ್ತಿಗೆ ಎರಡೂ ಮನೆಯ ಹುಳ ಸಿಡಿದು, ಸೊಪ್ಪಿನ ಮೇಲೆಲ್ಲ ಬಿಳಿ ನೀರು ಹರಿದು, ನಾತಕ್ಕೆ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಇನ್ನೂ ನಾಲ್ಕು ಮನೆಗೆ ಹಬ್ಬಿತ್ತು.

ಅದು ಭಾನುವಾರ. ನಾನು ಅವಳ ಜಗಲಿಯಲ್ಲಿದ್ದೆ. ಮೂಲೆಮನೆಯ ಸೊಸೆ ಬಂದಳು. ಅವಳು ಕೂಗಾಡಿದ್ದರೆ ನಮಗೆಲ್ಲ ಸುಲಭವಾಗುತ್ತಿತ್ತು.

"ನಾಳೆಯಿಂದ ವ್ಯಾನಿಗೆ ಹೋಗ್ತೀನಿ ಪೆದ್ದಮ್ಮ," ಎಂದಳು. "ನೀವು ನೋಡಿ ಚೆನ್ನಾಗೈತೆ ಅಂದ್ರಲ್ಲ. ಬೇರೆ ಯಾರಾದ್ರೂ ಅಂದಿದ್ರೆ ನಾನು ನಂಬ್ತಿರ್ಲಿಲ್ಲ."

ಪೆದ್ದಮ್ಮ ಬೆರಳು ಎತ್ತಲಿಲ್ಲ. ಸೊಸೆ ಹೋದ ಮೇಲೆ ಎದ್ದು ಗುದ್ದಲಿ ತೆಗೆದುಕೊಂಡಳು. ತನ್ನ ಹಿತ್ತಲಲ್ಲಿ ಗುಂಡಿ ತೋಡಿ, ಸತ್ತ ಹುಳವನ್ನೆಲ್ಲ ಹಗಲು ಹೊತ್ತಿನಲ್ಲಿ, ಊರಿನ ಎದುರು ತಂದು ಹಾಕಿ ಸುಣ್ಣ ಸುರಿದಳು. ಆ ಮೇಲೆ ಮೂಲೆಮನೆಗೆ ಹೋಗಿ ಅವರದನ್ನೂ ಹೊತ್ತು ತಂದಳು. ಕಾಲು ತೊಳೆದು ಬಂದು ನನ್ನ ಎದುರು ಕುಳಿತು, ಫೋನಿನಲ್ಲಿ ಗ್ರೂಪಿಗೆ ತನ್ನ ದನಿಯಲ್ಲೇ ಮಾತು ಹಾಕಿದಳು. ಆ ಮಾತು ನನಗೆ ಬಾಯಿಪಾಠ.

"ನೀವು ರೇಷ್ಮೆ ತಾಯಿ ಅಂತ ಕರೀತೀರಲ್ಲ, ಅವಳು ಮಾತಾಡ್ತಿರೋದು. ನನ್ ಹುಳ ಎಲ್ಲಾ ಸತ್ತೋಯ್ತು. ನನ್ ಮಾತು ನಂಬಿ ಇಟ್ಟೋರ್ದೂ ಸತ್ತೋಯ್ತು. ರೋಗ ಬಂದಿದ್ದು ಗೊತ್ತಾದ್ರೂ ನಾನು ಚೆನ್ನಾಗೈತೆ ಅಂದೆ. ತಪ್ಪು ನಂದು. ಮನೆ ತೊಳೀರಿ, ಬ್ಲೀಚಿಂಗ್ ಹೊಡೀರಿ, ಸುಣ್ಣ ಹಾಕ್ರಿ. ಆ ವಿಡಿಯೋ ಅಳಿಸಿಬಿಡ್ರಪ್ಪ."

ಕೈಮುಗಿದ ಮಹನೀಯರಿಂದ ಒಂದು ಕೈಯೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಯಜಮಾನ ಆ ಮಾತನ್ನು ಅಳಿಸಿದ. ಇನ್ನೂ ಸ್ವಲ್ಪ ಹೊತ್ತಿಗೆ ಅವಳನ್ನು ಗ್ರೂಪಿನಿಂದ ತೆಗೆದ. ನನ್ನ ಫೋನಿನಲ್ಲಿ ಮುಂದಿನದು ಕಾಣುತ್ತಿತ್ತು. ಒಬ್ಬ, "ತಾಯಿಯ ಫೋನು ಯಾರೋ ಕದ್ದು ಮಾತಾಡಿದ್ದಾರೆ," ಎಂದ. ಇನ್ನೊಬ್ಬ, "ಇಲ್ಲ, ಕಂಪನಿಯವರು ಹೆದರಿಸಿ ಹೇಳಿಸಿದ್ದಾರೆ, ಪಾಪ ಮುದುಕಿ," ಎಂದ. "ಇದರಿಂದಲೇ ತಿಳಿಯುತ್ತದೆ ನಮ್ಮ ದಾರಿ ಎಷ್ಟು ಸರಿ," ಎಂದು ಮೂರನೆಯವನು ತೀರ್ಪು ಕೊಟ್ಟ. ಕೈಗಳು ಮತ್ತೆ ಮುಗಿದವು. ನಾನು ಓದಿ ಹೇಳಿದೆ.

"ನಾನು ಹೇಳಿದ್ದಕ್ಕೂ ಇವ್ರು ಹಿಂಗಂತಾರಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನಿದೀಯಲ್ಲ ಅದ್ರಲ್ಲಿ. ನೀನೊಂದು ಮಾತು ಹಾಕು. ಓದ್ದೋನು ನೀನು. ಪೆದ್ದಮ್ಮ ಹುಳ ಹೂಳಿದ್ದು ನಾನು ಕಣ್ಣಾರೆ ನೋಡಿದೀನಿ ಅಂತ ಹಾಕು, ಸಾಕು."

"ಹಾಕ್ತೀನಿ ಪೆದ್ದಮ್ಮ," ಎಂದೆ.

ಹಾಕಲಿಲ್ಲ. ಬಸ್ಸಿನಲ್ಲಿ ಕೋಲಾರಕ್ಕೆ ವಾಪಸು ಬರುವಾಗ ಎರಡು ಸಲ ಬರೆದೆ, ಎರಡು ಸಲ ಅಳಿಸಿದೆ. ಆ ಗ್ರೂಪಿನಲ್ಲಿ ನನ್ನ ಹೆಂಡತಿಯ ಅಣ್ಣನಿದ್ದ, ಕಾಲೇಜಿನ ಇಬ್ಬರಿದ್ದರು. ಯಾರು ಬೈಸಿಕೊಳ್ಳುತ್ತಾರೆ ಬೆಳಗಾಗೆದ್ದು ಎಂದುಕೊಂಡೆ. ಇಷ್ಟು ಹೊತ್ತು ಯಜಮಾನನನ್ನು, ಕೈಮುಗಿದವರನ್ನು ಉಗಿದೆನಲ್ಲ, ಆ ಉಗುಳಿನಲ್ಲಿ ನನ್ನ ಪಾಲೂ ಇದೆ. ಅವರಾದರೂ ನಂಬಿ ಕೈ ಮುಗಿದರು. ನಾನು ನಂಬದೆ ಬಾಯಿ ಮುಚ್ಚಿದೆ.

ಪೆದ್ದಮ್ಮ ಫೋನು ನನಗೆ ವಾಪಸು ಕೊಟ್ಟಳು. ಬೇರೆ ದಾರಿ ಹಿಡಿದಳು. ತನ್ನ ವಿಡಿಯೋ ನೋಡಿ ಔಷಧಿ ಬಿಟ್ಟವರು ಯಾವ ಯಾವ ಊರಲ್ಲಿದ್ದಾರೆ ಎಂದು ಗೂಡಿನ ಮಾರುಕಟ್ಟೆಯಲ್ಲಿ ವಿಚಾರಿಸಿ, ಬಸ್ಸು ಹತ್ತಿ ಮನೆ ಮನೆಗೆ ಹೋಗಿ ಹೇಳಿ ಬರುವುದು. ಅರವತ್ತೆಂಟರ ವಯಸ್ಸು, ಕೆಮ್ಮು ಬೇರೆ. ಕೆಲವರು ಕೇಳಿದರು. ಕೆಲವರು ನೀರು ಕೊಟ್ಟು ಕಳಿಸಿದರು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ, ಶ್ರೀನಿವಾಸಪುರದ ಆಚೆ ಒಂದು ಮಾವಿನ ತೋಪಿನ ಮನೆಗೆ. ಆ ಮನೆಯ ರೈತ ಇವಳ ಮಾತೆಲ್ಲ ಕೇಳಿ, ಜೇಬಿನಿಂದ ಫೋನು ತೆಗೆದು, ಇವಳದೇ ವಿಡಿಯೋ ಇವಳ ಮುಖಕ್ಕೆ ಹಿಡಿದ.

"ನೋಡಮ್ಮ, ತಾಯಿ ಏನು ಹೇಳವ್ರೆ ಕೇಳಿ ಒಂದ್ಸಲ. ಔಷಧಿ ಬಿಡ್ರಪ್ಪ ಅಂತಾರೆ."

"ಆ ತಾಯಿ ನಾನೇ ಕಣಪ್ಪ!"

ಅವನು ಫೋನನ್ನೂ ಅವಳನ್ನೂ ಎರಡು ಸಲ ನೋಡಿದ. "ಇರಬೌದು," ಎಂದ. "ಆದ್ರೂ ಅವ್ರು ಹೇಳಿದ್ದೇ ಸರಿ."

ನನಗೆ ನಗು ಬಂತು, ಕಪಾಳಕ್ಕೆ ಬಾರಿಸಬೇಕೆಂದೂ ಅನಿಸಿತು. ಪೆದ್ದಮ್ಮ ಮಾತ್ರ ಬಿಡಲಿಲ್ಲ. ನನ್ನನ್ನು ತೋರಿಸಿ, "ನನ್ ಮಾತು ಬೇಡ. ಇಗೋ ನಮ್ಮ ಹುಡುಗ, ಕಾಲೇಜಲ್ಲಿ ಕೆಲಸ. ಇವನೂ ಗ್ರೂಪಲ್ಲಿ ಬರ್ದವ್ನೆ, ನೋಡು," ಎಂದಳು. ಅವನು ಗ್ರೂಪು ತೆಗೆದು ಕೆಳಗಿನಿಂದ ಮೇಲಕ್ಕೆ ಸರಿಸುತ್ತಾ ಹೋದ. "ಎಲ್ಲಿ ಸಾರ್? ಕಾಣಲ್ವಲ್ಲ?"

ಪೆದ್ದಮ್ಮ ನನ್ನ ಮುಖ ನೋಡುತ್ತಿದ್ದಳು.

"ಅಳಿಸಿದಾರೆ," ಎಂದೆ.

"ನೋಡಿದ್ಯಾ?" ಎಂದಳು ಅವನಿಗೆ. "ಇವನದೂ ಅಳಿಸವ್ರೆ. ನಿಜ ಹೇಳಿದ್ದೆಲ್ಲ ಅಳಿಸ್ತಾರೆ ಅವ್ರು." ಹುಳದ ಕಾಲು ಚಿವುಟಿ ರೋಗ ಹೇಳುತ್ತಿದ್ದವಳು ನನ್ನನ್ನು ಚಿವುಟಿ ನೋಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ತಟ್ಟಿ, "ನೀನೊಬ್ಬ ಬರೆದ್ಯಲ್ಲ, ಅದು ಸಾಕು ಬಿಡು," ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ.

ಕಳೆದ ವರ್ಷ, ಮಳೆ ನಿಂತ ಮೇಲೆ, ಅವಳು ತೀರಿಕೊಂಡಳು. ಎದೆಯ ಕೆಮ್ಮೇ ಕೊನೆಗೆ ಕೊಂಡೊಯ್ಯಿತು. ಮೂಲೆಮನೆಯ ಸೊಸೆ ಕಾರ್ಖಾನೆಗೆ ರಜೆ ಹಾಕಿ ಬಂದು ಅವಳ ತಲೆಗೆ ನೀರು ಹಾಕಿದಳು. ಮಣ್ಣು ಮಾಡಿ ಬರುವ ಹೊತ್ತಿಗೆ ನನ್ನ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. ಯಜಮಾನ ಅವಳ ಅದೇ ನಗುವಿನ ಪಟಕ್ಕೆ ಹಾರ ಹಾಕಿ, "ಕೊನೆಯುಸಿರಿನವರೆಗೂ ವಿಷ ಮುಟ್ಟದ ರೇಷ್ಮೆ ತಾಯಿ" ಎಂದು ಬರೆದು, ಕೆಳಗೆ ವಿಡಿಯೋ ಅಂಟಿಸಿದ್ದ. ಪೆದ್ದಮ್ಮ ಮತ್ತೆ ನಗುತ್ತಾ ಊರೂರಿಗೆ ಹೋಗಿ "ನೀವೂ ಬಿಡ್ರಪ್ಪ" ಎನ್ನುತ್ತಿದ್ದಳು. ಈ ಸಲ ಅವಳ ಹಿಂದೆ ಬಸ್ಸು ಹತ್ತಿ ಹೋಗಿ ತಪ್ಪು ಎನ್ನಲು ಅವಳಿರಲಿಲ್ಲ.

ಸ್ಮಶಾನದ ಬೇಲಿಗೆ ಒರಗಿ ನಿಂತು ನಾನು ಬರೆದೆ. ಅವಳ ಹುಳ ಸತ್ತದ್ದು, ಗುಂಡಿ ತೋಡಿದ್ದು, ತಪ್ಪು ನಂದು ಎಂದದ್ದು, ಅದನ್ನು ಇವರು ಅಳಿಸಿದ್ದು, ನಾನು ಕಣ್ಣಾರೆ ನೋಡಿದ್ದು. ಮೈಲಿಗೆಯ ಸ್ನಾನಕ್ಕೆ ಕೆರೆಯ ಕಡೆ ಹೊರಟವರು ಏರಿ ತಲುಪುವಷ್ಟರಲ್ಲಿ ನನ್ನನ್ನು ತೆಗೆದುಹಾಕಿದರು. ಹೆಂಡತಿಯ ಅಣ್ಣ ಫೋನು ಮಾಡಿ, "ನಿಂಗ್ಯಾಕಪ್ಪ ಬೇಕಿತ್ತು?" ಎಂದ. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಎರಡು ವರ್ಷ ನಾನು ಹೆದರಿಕೊಂಡಿದ್ದದ್ದು ಇಷ್ಟಕ್ಕೇ.

ಆ ಸಂಜೆ ಜಗಲಿಯಲ್ಲಿ ಅವಳು ಕೇಳಿದಾಗಲೇ ಬರೆದಿದ್ದರೂ ಯಾರೂ ನಂಬುತ್ತಿರಲಿಲ್ಲ. ಆ ಮಂದಿಯ ಮೇಲೆ ನನಗೆ ಅಷ್ಟು ಭರವಸೆ ಇದೆ. ಅವಳನ್ನು ತೆಗೆದ ಹಾಗೆ ನನ್ನನ್ನೂ ತೆಗೆಯುತ್ತಿದ್ದರು. ಆದರೆ ಹೊರಗೆ, ಅವಳ ಪಕ್ಕದಲ್ಲಿ, ಇನ್ನೊಬ್ಬ ಇರುತ್ತಿದ್ದ.